ಬಿಡುಗಡೆಯಾದ ಹಣ ಯಾವ ಆಸ್ಪತ್ರೆ ತಲುಪಿತು? ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಕೊಪ್ಪ ತಾಲ್ಲೂಕಿನ ನಾಗರಿಕನೊಬ್ಬನ ನಮಸ್ಕಾರಗಳು.

ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಹಣದ ಮತ್ತು ಅಲ್ಲಿ ಸಿಗುವ ಸೇವೆಯ ಲೆಕ್ಕವನ್ನು ಆಸ್ಪತ್ರೆವಾರು ಜನರ ಮುಂದಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಇಲಾಖೆಗಳ ಪ್ರಗತಿ ಪರಿಶೀಲಿಸಲು ತಾವು ಮೂರು ತಿಂಗಳಿಗೊಮ್ಮೆ ನಡೆಸುವ ಕೆಡಿಪಿ ಸಭೆಯ ಮಾರನೆಯ ದಿನ ಪತ್ರಿಕೆಗಳಲ್ಲಿ ನಮಗೆ ಓದಲು ಸಿಗುವುದು 'ಶೇಕಡಾ ಇಷ್ಟು ಪ್ರಗತಿ' ಎಂಬ ಒಂದು ಸಾಲು, ಇಲ್ಲವೇ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ ಸುದ್ದಿ. ತರಾಟೆಯ ನಂತರ ಏನಾಯಿತೆಂಬುದು ಮುಂದಿನ ಸಭೆಯ ಸುದ್ದಿಯಲ್ಲೂ ಇರುವುದಿಲ್ಲ.

ಮೊದಲು ಎಲ್ಲವೂ ಸರಿಯಿತ್ತು ಎನ್ನಲಾರೆ. ಆದರೆ ಕೇಳುವವರಾದರೂ ಇದ್ದರು. ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂಬುದೊಂದಿತ್ತು, ಅಲ್ಲಿ ನಮ್ಮ ಸದಸ್ಯರು ಎದ್ದು ನಿಂತು ಇಂಥ ಊರಿನ ಕೇಂದ್ರಕ್ಕೆ ವೈದ್ಯರಿಲ್ಲ, ಇಂಥ ಉಪಕೇಂದ್ರದ ಸೂರು ಸೋರುತ್ತಿದೆ ಎಂದು ಹೆಸರು ಹಿಡಿದು ಕೇಳಬಹುದಿತ್ತು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎನ್ನುತ್ತ ಚುನಾವಣೆ ಮುಂದಕ್ಕೆ ಹೋಗಿ, ಆಡಳಿತಾಧಿಕಾರಿಗಳ ಕೈಯಲ್ಲೇ ವರ್ಷಗಳು ಉರುಳಿದವು. ಹೀಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಜನರ ಪರವಾಗಿ ಪ್ರಶ್ನಿಸುವ ಜಾಗವೆಂದರೆ ತಾವು ನಡೆಸುವ ತ್ರೈಮಾಸಿಕ ಸಭೆಯೊಂದೇ ಎಂಬಂತಾಗಿದೆ. ಪತ್ರ ತಮಗೇ ಬರೆದಿರುವುದು ಆ ಕಾರಣಕ್ಕೆ.

ಹಣದ ವಿಚಾರದಲ್ಲಿ ನಮಗೆ ಸಿಗುವ ಸಿದ್ಧ ಉತ್ತರ, ಕೇಂದ್ರದ ಪಾಲು ಬಂದಿಲ್ಲ ಎಂಬುದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸುವುದರಿಂದ ದೂರನ್ನು ದೆಹಲಿಗೂ ಬೆಂಗಳೂರಿಗೂ ದಾಟಿಸುತ್ತಿರುವುದು ಸುಲಭ. ಬಾರದಿದ್ದರೆ ಬಂದಿಲ್ಲವೆಂದೇ ಹೇಳಿ, ನಮ್ಮ ತಕರಾರಿಲ್ಲ. ಆದರೆ ಯಾವ ಕಂತು ಯಾವ ತಾರೀಖಿಗೆ ಬಂತು, ರಾಜ್ಯ ತನ್ನ ಪಾಲನ್ನು ಎಂದು ಸೇರಿಸಿತು, ಅದು ತಾಲ್ಲೂಕಿಗೆ ಎಂದು ಇಳಿಯಿತು ಎಂಬುದನ್ನೂ ಜೊತೆಗೆ ಹೇಳಿ. ಮಂಜೂರಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಮೂರೂ ಬೇರೆ ಬೇರೆ ಮೊತ್ತಗಳು, ಭಾಷಣಗಳಲ್ಲಿ ಕೇಳಿಬರುವುದು ಮೊದಲನೆಯದು ಮಾತ್ರ. ರಾಜ್ಯಗಳು 2020ರೊಳಗೆ ತಮ್ಮ ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಯಾವ ಪಕ್ಷದ ಸರ್ಕಾರವೂ ನಮ್ಮ ರಾಜ್ಯವನ್ನು ಆ ಮಟ್ಟಕ್ಕೆ ಒಯ್ಯಲಿಲ್ಲ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿನ ಸಿಬ್ಬಂದಿಯ ತಪ್ಪು ಅದರಲ್ಲಿಲ್ಲವಾದ್ದರಿಂದ ಹೆಸರು ಬೇಡ. ರಕ್ತದೊತ್ತಡದ ಮಾತ್ರೆಗೆಂದು ಬಂದ ತೋಟದ ಕೆಲಸದ ಹೆಂಗಸೊಬ್ಬರಿಗೆ, ಔಷಧ ಕೊಡುವವರು ಸ್ಟ್ರಿಪ್ಪನ್ನು ಕತ್ತರಿಯಿಂದ ತುಂಡು ಮಾಡಿ ಹತ್ತು ದಿನದ್ದು ಕೊಟ್ಟು, "ಉಳಿದದ್ದಕ್ಕೆ ಸ್ಟಾಕ್ ಬಂದ ಮೇಲೆ ಬನ್ನಿ ಅಮ್ಮ" ಎಂದರು. ಗೋಡೆಯ ಮೇಲೆ ಲಭ್ಯ ಔಷಧಗಳ ಪಟ್ಟಿಯಿತ್ತು, ಅದರಲ್ಲಿ ಆ ಮಾತ್ರೆಯ ಹೆಸರೂ ಇತ್ತು. ಮತ್ತೊಮ್ಮೆ ಬರುವುದೆಂದರೆ ಅರ್ಧ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. (ಶಕ್ತಿ ಯೋಜನೆ ಇದೆಯಲ್ಲ ಎನ್ನಬೇಡಿ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ತೆಗೆಸಲೇಬೇಕು.) ಎರಡು ಸಲ ಬಂದವರು ಮೂರನೆಯ ಸಲ ಬರುವುದಿಲ್ಲ, ಮಾತ್ರೆಯನ್ನೇ ಬಿಡುತ್ತಾರೆ. ಇಲಾಖೆಯ ಕಡತದಲ್ಲಿ ಮಾತ್ರ ಅವರು ಚಿಕಿತ್ಸೆ ಪಡೆದವರ ಲೆಕ್ಕಕ್ಕೆ ಸೇರಿರುತ್ತಾರೆ. ಔಷಧ ದಾಸ್ತಾನು ಈಗ ತಂತ್ರಾಂಶದಲ್ಲೇ ದಾಖಲಾಗುವುದರಿಂದ, ಯಾವ ಕೇಂದ್ರದಲ್ಲಿ ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ ಎಂಬುದನ್ನು ಪ್ರಕಟಿಸಲು ಹೊಸ ಸಮೀಕ್ಷೆಯೇನೂ ಬೇಕಿಲ್ಲ.

ನಮ್ಮ ಭಾಗದ ಇನ್ನೊಂದು ಸಂಕಟ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರಿಗೆ ಪರಿಚಿತ. ಹಳೆಯ ಲಸಿಕೆಯನ್ನು ನಿಲ್ಲಿಸಿದ ಮೇಲೆ ನಮಗೆ ಉಳಿದಿರುವುದು ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ತೈಲ, ಬೇಗ ಆಗುವ ರಕ್ತ ಪರೀಕ್ಷೆ ಮತ್ತು ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರು. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು. ಕಾಯಿಲೆಯ ಹಂಗಾಮು ಡಿಸೆಂಬರಿನಿಂದ ಮೇ ತನಕ, ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಅದರ ನಟ್ಟನಡುವೆ, ಮಾರ್ಚ್ 31ಕ್ಕೆ. ಹೊಸ ವರ್ಷದ ಮೊದಲ ಕಂತು ಇಳಿಯುವ ಮೊದಲೇ ಏಪ್ರಿಲ್ ಕಳೆದರೆ ಆ ತಿಂಗಳ ತೈಲಕ್ಕೆ, ಮಾದರಿಗಳನ್ನು ಶಿವಮೊಗ್ಗದ ಪ್ರಯೋಗಾಲಯಕ್ಕೆ ಒಯ್ಯುವ ವಾಹನಕ್ಕೆ ಹಣ ಎಲ್ಲಿಂದ? ಈ ಒಂದು ಬಾಬತ್ತಿಗಾದರೂ ನವೆಂಬರಿನಲ್ಲೇ ಪೂರ್ತಿ ಹಣ ಒದಗಿಸಿ, ಜೂನ್‌ನಲ್ಲಿ ಖರ್ಚಿನ ಲೆಕ್ಕ ಕೊಡಿಸಬೇಕು.

ಸೇವೆಯ ಗುಣಮಟ್ಟ ಅಳೆಯಲು ತಮಗೊಂದು ಸರಳ ಅಂಕಿಯನ್ನು ಸೂಚಿಸುತ್ತೇನೆ: ರೆಫರ್. ಹೆರಿಗೆಗೆ ಬಂದವರನ್ನು, ಎದೆನೋವೆಂದು ಬಂದವರನ್ನು ತಾಲ್ಲೂಕು ಆಸ್ಪತ್ರೆಗಳಿಂದ ಮುಂದಕ್ಕೆ ಕಳಿಸಿದಾಗ ಮೂಡಿಗೆರೆಯವರು ಹಾಸನಕ್ಕೋ ಚಾರ್ಮಾಡಿ ಇಳಿದು ಮಂಗಳೂರಿಗೋ ಹೋಗುತ್ತಾರೆ, ನಾವು ಶಿವಮೊಗ್ಗಕ್ಕೋ ಆಗುಂಬೆ ಇಳಿದು ಮಣಿಪಾಲಕ್ಕೋ ಹೋಗುತ್ತೇವೆ. ಮಳೆಗಾಲದ ರಾತ್ರಿ ಘಾಟಿ ಇಳಿಯುವುದು ಏನೆಂದು ತಮಗೆ ವಿವರಿಸಬೇಕಿಲ್ಲ. ಪ್ರತಿ ತಿಂಗಳು ಪ್ರತಿ ಆಸ್ಪತ್ರೆಯಿಂದ ಎಷ್ಟು ಜನರನ್ನು ಹೀಗೆ ಕಳಿಸಲಾಯಿತು, ಅರಿವಳಿಕೆ ತಜ್ಞರಿಲ್ಲದ್ದಕ್ಕೋ, ರಕ್ತವಿಲ್ಲದ್ದಕ್ಕೋ, ನಿಜವಾಗಿಯೂ ಅಲ್ಲಿ ಆಗದ ಚಿಕಿತ್ಸೆಯೆಂದೋ ಎಂಬ ಕಾರಣಸಹಿತ ಪಟ್ಟಿ ತಮ್ಮ ಮೇಜಿಗೆ ಬಂದರೆ, ಖಾಲಿ ಹುದ್ದೆಯ ಬೆಲೆಯೇನೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಇದ್ಯಾವುದೂ ತಾವು ಕೃಪೆಯಿಂದ ಕೊಡಬೇಕಾದದ್ದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಹಂಚಿಕೆಯಾದ ಬಜೆಟ್ ಮತ್ತು ವಿತರಣೆಯ ವರದಿಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಾಧಿಕಾರಗಳು ತಾವಾಗಿ ಪ್ರಕಟಿಸಬೇಕು. ಪ್ರತಿ ಆಸ್ಪತ್ರೆಯ ಸ್ಥಳೀಯ ನಿರ್ವಹಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಜಮಾ-ಖರ್ಚನ್ನು ಹೊರರೋಗಿಗಳ ಚೀಟಿ ಮಾಡಿಸುವ ಕಿಟಕಿಯ ಪಕ್ಕ ಅಂಟಿಸಿದರೂ ಸಾಕು, ಸಾಲಿನಲ್ಲಿ ನಿಂತವರು ಓದುತ್ತಾರೆ. ಮುಂದಿನ ಕೆಡಿಪಿ ಸಭೆಯಲ್ಲಿ ಈ ಬಗ್ಗೆ ಆದೇಶ ನೀಡಿ, ಹಿಂದಿನ ಸಭೆಯ ಸೂಚನೆಗಳ ಪೈಕಿ ಪಾಲನೆಯಾದವು ಯಾವುವು, ಆಗದವು ಯಾವುವು, ಆಗದ್ದಕ್ಕೆ ಹೊಣೆ ಯಾವ ಅಧಿಕಾರಿಯದು ಎಂಬ ವರದಿಯನ್ನು ಸಭೆಯ ನಡಾವಳಿಯ ಜೊತೆಗೆ ಜಿಲ್ಲಾಡಳಿತದ ಜಾಲತಾಣದಲ್ಲಿ ಹಾಕಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಪ್ಪ ತಾಲ್ಲೂಕಿನ ಒಬ್ಬ ನಾಗರಿಕ