ತೋಳು ಮುಚ್ಚಿಕೊಳ್ಳದ ಬೆಟ್

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಬ್ರಿಟಿಷರಿಂದ ಬಿಡುಗಡೆ ಬೇಕು ಅಂತ ಬಡಿದಾಡಿದ ಅಮೆರಿಕದವರ ಮನೆಯಲ್ಲೇ ಗುಲಾಮರಿದ್ದರಾ ಅಮ್ಮಾ?" ಅಂತ. ಇದ್ದರು. ನಿನ್ನ ಹಾಸ್ಟೆಲ್ ಗಲಾಟೆಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಈ ಕಾಗದ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶೆಫೀಲ್ಡ್ ಅಂತ ಊರು. ಜಾನ್ ಆಶ್ಲಿ ಅಲ್ಲಿನ ದೊಡ್ಡ ಕುಳ. 1773ರಲ್ಲಿ ಊರಿನ ಗಂಡಸರು ಅವನ ಮನೆಯಲ್ಲೇ ಕೂತು, ಮನುಷ್ಯರೆಲ್ಲ ಸಮಾನರು, ಸ್ವತಂತ್ರರು ಎಂದು ಠರಾವು ಬರೆದರು. ಅದೇ ಮನೆಯಲ್ಲಿ ಬೆಟ್ ಎಂಬ ಹೆಂಗಸು ಗುಲಾಮಳಾಗಿದ್ದಳು. ಓದು ಬರಹ ಬರುತ್ತಿರಲಿಲ್ಲ. ಕಿವಿ ಮಾತ್ರ ಚುರುಕು.

ಯಜಮಾನಿ ಹ್ಯಾನಾ ಬಲು ಸಿಡುಕಿ. ಒಂದು ದಿನ ಲಿಜಿಯ ಮೇಲೆ ಸಿಟ್ಟು ಬಂದು, ಒಲೆಯಲ್ಲಿ ಕಾದಿದ್ದ ಕಬ್ಬಿಣದ ಸಲಿಕೆಯನ್ನೇ ಬೀಸಿದಳು. ಲಿಜಿ ಬೆಟ್‌ಳ ತಂಗಿ ಎನ್ನುತ್ತಾರೆ, ಮಗಳು ಎನ್ನುವವರೂ ಇದ್ದಾರೆ. ಬೆಟ್ ಅಡ್ಡ ಬಂದಳು. ಪೆಟ್ಟು ಅವಳ ತೋಳಿಗೆ ಬಿತ್ತು. ಚಳಿಗಾಲ ಪೂರ್ತಿ ಕೈ ಸರಿಹೋಗಲಿಲ್ಲ. ಆದರೆ ಅವಳು ಗಾಯ ಮುಚ್ಚಿಕೊಳ್ಳಲಿಲ್ಲ. ಯಾರಾದರೂ ಯಜಮಾನಿಯ ಎದುರಿಗೇ "ತೋಳಿಗೇನಾಯ್ತೇ?" ಅಂದರೆ, "ಅಮ್ಮಾವ್ರನ್ನೇ ಕೇಳಿ" ಅನ್ನುತ್ತಿದ್ದಳು! ನಾನೋ, ಕುಕ್ಕರ್ ಸುಟ್ಟ ಒಂದು ಕಲೆಗೆ ಹೆದರಿ ಮದುವೆಮನೆಗೆ ಉದ್ದ ತೋಳಿನ ರವಿಕೆ ತೊಟ್ಟು ಹೋಗುವವಳು.

1780ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹೊಸ ಸಂವಿಧಾನ ಬಂತು. ಅದರಲ್ಲೂ ಅದೇ ಮಾತು: ಹುಟ್ಟುತ್ತಲೇ ಎಲ್ಲರೂ ಸ್ವತಂತ್ರರು, ಸಮಾನರು. ಬೆಟ್ ಥಿಯೊಡೋರ್ ಸೆಡ್ಜ್‌ವಿಕ್ ಎಂಬ ವಕೀಲನ ಹತ್ತಿರ ಹೋದಳು. ಎಲ್ಲರೂ ಅಂದಮೇಲೆ ನಾನೂ ಸೇರಿದೆ ತಾನೇ ಅನ್ನುವುದಷ್ಟೇ ಅವಳ ವಾದ. ಈ ವಕೀಲನೂ ಆ ಠರಾವಿನ ದಿನ ಆಶ್ಲಿಯ ಜೊತೆಗಿದ್ದವನೇ! ಅದೇ ಮನೆಯ ಬ್ರೋಮ್ ಎಂಬ ಗುಲಾಮನೂ ದಾವೆಯಲ್ಲಿ ಸೇರಿಕೊಂಡ. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನಲ್ಲಿ ತೀರ್ಪು ಬಂತು. ಇಬ್ಬರೂ ಆಶ್ಲಿಯ ಆಸ್ತಿಯಲ್ಲ, ಅವನೇ 30 ಶಿಲ್ಲಿಂಗ್ ಪರಿಹಾರ ಕೊಡಬೇಕು. ಅತ್ತ ಬ್ರಿಟಿಷರ ಮೇಲಿನ ಯುದ್ಧ ಇನ್ನೂ ಮುಗಿದಿರಲಿಲ್ಲ.

ಸಂಬಳ ಕೊಡುತ್ತೇನೆ, ವಾಪಸ್ ಬಾ ಅಂದ ಆಶ್ಲಿ. ಇವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಸೆಡ್ಜ್‌ವಿಕ್ ಮನೆಯಲ್ಲಿ ಸಂಬಳಕ್ಕೆ ದುಡಿದು, ಮುಂದೆ ಸ್ಟಾಕ್‌ಬ್ರಿಜ್‌ನಲ್ಲಿ ಸ್ವಂತ ಮನೆ ಮಾಡಿಕೊಂಡಳು. ಹೆಸರನ್ನೂ ಎಲಿಜಬೆತ್ ಫ್ರೀಮನ್ ಅಂತ ಇಟ್ಟುಕೊಂಡಳು. ಫ್ರೀಮನ್ ಅಂದರೆ ಸ್ವತಂತ್ರ ಮನುಷ್ಯ. ಸುಮ್ನೆ ಇಟ್ಟುಕೊಂಡ ಹೆಸರಲ್ಲ, ಅಲ್ವಾ?

1811ರಲ್ಲಿ ಬರೆದ ಅವಳ ಚಿತ್ರವೊಂದಿದೆ. ನೀಲಿ ಬಟ್ಟೆ, ಕೊರಳಲ್ಲಿ ಬಂಗಾರದ ಮಣಿಸರ. ಪ್ರಿಂಟ್ ತೆಗೆಸಿಟ್ಟಿದ್ದೇನೆ, ರಜೆಗೆ ಬಂದಾಗ ನೋಡುವೆಯಂತೆ. ಚಕ್ಕುಲಿ ಡಬ್ಬಿಯೂ ಕಾಯುತ್ತಿದೆ.

ನಿನ್ನ ಅಮ್ಮ