ದೈಹಿಕ ಶಿಕ್ಷಣ ನಿರ್ದೇಶಕರ ಆಯ್ಕೆ, ಕ್ರೀಡಾ ನಿಧಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಶನಿವಾರ ಬೆಳಿಗ್ಗೆ 6.30ಕ್ಕೆ ಮೈದಾನದಲ್ಲಿ ಓಟದ ಪರೀಕ್ಷೆ, 11ಕ್ಕೆ ಸಂದರ್ಶನ. ಆಯ್ಕೆ ಸಮಿತಿಯವರು ತಪ್ಪದೆ ಬನ್ನಿ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಂತೆ 30 ವರ್ಷದವರೆಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್ ಮುಗಿಸಬೇಕು, ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕೂವರೆ ಸುತ್ತು. ಆ ಅರ್ಧ ಸುತ್ತಿನಲ್ಲೇ ಲೆಕ್ಕ ತಪ್ಪುವುದು. ಎಣಿಸಲು ಇಬ್ಬರು ಬೇಕು, ಯಾರು ಬರುತ್ತೀರಿ? ವೈದ್ಯಕೀಯ ಪ್ರಮಾಣಪತ್ರ ತರದವರನ್ನು ಓಡಿಸುವಂತಿಲ್ಲ.

ಕ್ರೀಡಾ ನಿಧಿಗೆ ದೇಣಿಗೆ: ತೆರಿಗೆ ರಿಯಾಯಿತಿ ಬೇಕಿದ್ದವರು ರೂ. 2,000ಕ್ಕಿಂತ ಹೆಚ್ಚು ನಗದು ಕೊಡಬೇಡಿ, ಚೆಕ್ ಅಥವಾ ಯುಪಿಐ ಇರಲಿ. ಪ್ಯಾನ್ ಸಂಖ್ಯೆಯನ್ನು ಖಜಾಂಚಿಗೆ ಮಾತ್ರ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ವಿದೇಶಿ ಪೌರತ್ವ ಪಡೆದವರು ದಯವಿಟ್ಟು ಸದ್ಯಕ್ಕೆ ಹಣ ಹಾಕಬೇಡಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಿಧಿ ಸಂಗ್ರಹಿಸುವ ನಮ್ಮ ಸಂಘಕ್ಕೆ ಇಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಈ ತೊಡಕಿಲ್ಲ.

ಗುರುವಾರ ಸಂಜೆಯೊಳಗೆ ಉತ್ತರಿಸಿ.