ಗಾಂಧಿ ಬಜಾರಿನ ಆ ಹಿರಿಯರಿಗೆ

ವಿದ್ಯಾರ್ಥಿ ಭವನದಲ್ಲಿ ನನ್ನೆದುರು ಕೂತು ದೋಸೆ ತಿಂದ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಬೆಂಗಳೂರು ಬಿಟ್ಟು ವಿರಾಜಪೇಟೆಗೆ ಹೊರಟಿದ್ದೇನೆ ಅಂದಾಗ, "ತಿನ್ನೋದು ಬಾಕಿ ಇಟ್ಕೊಂಡು ಹೋಗ್ಬೇಡಮ್ಮ" ಎಂದು ಬಿಲ್ಲಿನ ಹಿಂದೆ ಪಟ್ಟಿ ಬರೆದುಕೊಟ್ಟಿರಿ. ಅದಕ್ಕೇ ಈ ಧನ್ಯವಾದ.

ಪಟ್ಟಿಯಲ್ಲಿ ಹೋಟೆಲುಗಳಿಗಿಂತ ಕಿವಿಮಾತೇ ಜಾಸ್ತಿ. ಇಲ್ಲಿ ಶುಕ್ರವಾರ ರಜ, ಬಂದು ಬಾಗಿಲು ನೋಡ್ಕೊಂಡು ಹೋಗ್ಬೇಡ. ಮಲ್ಲೇಶ್ವರದ ಸಿಟಿಆರ್‌ಗೆ ಭಾನುವಾರ ಬೇಡ. ಎಂಟಿಆರ್‌ನಲ್ಲಿ ರವೆ ಇಡ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹುಟ್ಟಿದ್ದಂತೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರ್ ಕೇಳ್ಬೇಡ, ಇಲ್ಲ.

ಸಾಂಬಾರ್ ಇಲ್ಲದ ಇಡ್ಲಿ ಎಂದು ಅನುಮಾನದಿಂದಲೇ ಹೋದೆ. ಫುಟ್‌ಪಾತ್‌ನಲ್ಲಿ ನಿಂತು ತಟ್ಟೆ ಹಿಡಿದರೆ, ಚಟ್ನಿ ಇಡ್ಲಿಯ ಮೇಲೇ ಸುರಿದು ಅಂಚಿನವರೆಗೂ ಬಂತು. ಉದ್ದಿನ ವಡೆಯ ತುಂಡನ್ನು ಅದರಲ್ಲಿ ಅದ್ದಿ, ಮೆತ್ತಗಾಗುವ ಮುಂಚೆ ಬಾಯಿಗಿಟ್ಟುಕೊಳ್ಳಬೇಕು. ಎರಡನೇ ಸಲ ಚಟ್ನಿಗೆ ಕೈ ಚಾಚಿದಾಗ ಯಾರೂ ಮುಖ ಸಿಂಡರಿಸಲಿಲ್ಲ.

ಅಲ್ಲಿ ಕಾಫಿ ಮರೀಬೇಡ ಎಂದೂ ಬರೆದಿದ್ದಿರಿ. ಕಾಫಿ ತೋಟದಲ್ಲೇ ಬೆಳೆದವಳಿಗೆ ಕಾಫಿ ಪಾಠವೇ ಎಂದು ಒಳಗೊಳಗೇ ನಕ್ಕಿದ್ದೆ. ಕುಡಿದ ಮೇಲೆ ಸುಮ್ಮನಾದೆ. ಆದರೂ ನಮ್ಮನೆಯ ಬೆಲ್ಲದ ಕಾಫಿಯನ್ನು ಬಿಟ್ಟುಕೊಡುವುದಿಲ್ಲ ಅನ್ನಿ!

ಕೊಡಗಿನ ಕಡೆ ಬಂದರೆ ಪಟ್ಟಿ ಬರೆದುಕೊಡುವ ಸರದಿ ನನ್ನದು. ಹಂದಿ ಮಾಂಸದ ಪಂದಿ ಕರಿ ನಿಮಗಾಗದು, ಗೊತ್ತು. ಅಕ್ಕಿ ತರಿಯ ಉಂಡೆಯಾದ ಬಿಸಿ ಕಡಂಬುಟ್ಟಿಗೆ ತುಪ್ಪ, ಮಳೆಗಾಲವಾದರೆ ಎಳೆ ಬಿದಿರಿನ ಕಣಿಲೆ ಪಲ್ಯ ಮಾಡಿಸುತ್ತೇನೆ.